ಸಮಪಾಲು

ಫೆಬ್ರವರಿ 3

ಅಕ್ಕಾ,

ಮೊನ್ನೆ ಇಲ್ಲಿ ಸರ್ಕಸ್ಸಿನ ಗುಡಾರ ಹಾಕಿದೆವು. ಈ ಸಲ ಜಾಗ ಸಿಕ್ಕಿರುವುದು ಮುಚ್ಚಿಹೋದ ಒಂದು ನೂಲಿನ ಗಿರಣಿಯ ಹಿಂದೆ. ನೆಲ ಎಷ್ಟು ಗಟ್ಟಿಯೆಂದರೆ, ಗೂಟ ಹೊಡೆಯುವವರು ಬೆಳಗಿನಿಂದ ಸಂಜೆಯವರೆಗೆ ಅದಕ್ಕೆ ಬೈದುಕೊಂಡೇ ಹೊಡೆದರು. ನೀರು ಮಾತ್ರ ಹತ್ತಿರ. ಗಿರಣಿಯವರು ಬಿಟ್ಟುಹೋದ ಸಿಮೆಂಟಿನ ತೊಟ್ಟಿಯೊಂದಿದೆ, ಅದಕ್ಕೆ ಎಲ್ಲಿಂದಲೋ ಒಂದು ಕೊಳವೆ ಬಂದು ಸೇರಿದೆ. ಕುದುರೆಗೂ ಅದೇ ನೀರು, ನಮಗೂ ಅದೇ.

ನಿನ್ನಿಂದ ಒಂದು ಕೆಲಸವಾಗಬೇಕೆಂದೇ ಬರೆಯುತ್ತಿದ್ದೇನೆ, ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮಲ್ಲಿ ಮೂವರು ಮಲಗಿದ್ದಾರೆ. ಅಡುಗೆಯ ಅಜ್ಜ, ಕುದುರೆ ಮಾಸ್ತರು, ಮತ್ತೆ ಜೋಕರ್. ಜ್ವರ ದಿನದಿನಕ್ಕೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತಿದೆ. ಹೊಟ್ಟೆ ಭಾರ ಅನ್ನುತ್ತಾರೆ, ನಾಲಿಗೆ ಬೆಳ್ಳಗೆ ಕಟ್ಟಿಕೊಂಡಿದೆ. ಈ ಊರಿನ ಡಾಕ್ಟರು ಟೈಫಾಯ್ಡ್ ಎಂದರು. ಕರುಳಿನಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಿದೆ, ಆ್ಯಂಟಿಬಯಾಟಿಕ್ ಬೇಕು ಎಂದು ಚೀಟಿ ಬರೆದುಕೊಟ್ಟರು. ಇಲ್ಲಿಯ ಅಂಗಡಿಯಲ್ಲಿ ಆ ಮಾತ್ರೆ ಇಲ್ಲ. ಚೀಟಿ ಜೊತೆಗಿಟ್ಟಿದ್ದೇನೆ. ನಿನ್ನ ಆಸ್ಪತ್ರೆಯಲ್ಲಿ ಸಿಕ್ಕೀತಲ್ಲವೇ?

ಬೇಗ ಬೇಕು. ನಮ್ಮ ಯಜಮಾನರು ಕೆಟ್ಟವರಲ್ಲ, ಆದರೆ ಜ್ವರ ಎಂದರೆ ಅವರಿಗೆ ಬೆಂಕಿ ಕಂಡ ಹಾಗೆ. ಏಳಲಾರದೆ ಮಲಗಿದವರನ್ನು ಆ ಊರಿನ ಆಸ್ಪತ್ರೆಯಲ್ಲಿ ಬಿಟ್ಟು ಕಂಪನಿ ಮುಂದೆ ಹೋಗುತ್ತದೆ. ಹಾಗೆ ಬಿಟ್ಟವರು ಮತ್ತೆ ಬಂದು ಸೇರಿದ್ದನ್ನು ನಾನು ಕಂಡಿಲ್ಲ.

ಚಿಟ್ಟೆ ಚೆನ್ನಾಗಿದ್ದಾಳೆ. ಹೆತ್ತವಳು ನಾನಾದರೂ ಸಿಟ್ಟು ಬಂದಾಗಲೆಲ್ಲ "ದೊಡ್ಡಮ್ಮನ ಹತ್ರ ಹೋಗ್ತೀನಿ" ಅನ್ನುತ್ತಾಳೆ, ಅದನ್ನು ಕೇಳಿ ನಿನಗೆ ಸಂತೋಷವಾಗಲಿ. ಗಾಳಿಯಲ್ಲಿ ಎರಡು ಸಲ ಉರುಳಿ ಅವಳ ಚಿಕ್ಕಪ್ಪನ ಕೈ ಹಿಡಿಯುವ ಆಟ ಕಲಿಯುತ್ತಿದ್ದಾಳೆ. ಮೈದುನ ಮೇಲಿನ ಉಯ್ಯಾಲೆಯಲ್ಲಿ ತಲೆಕೆಳಗಾಗಿ ತೂಗುತ್ತಾ ಕಾಯುತ್ತಿರುತ್ತಾನೆ. ನಾನು ಕೆಳಗೆ ಕೂತು ಜರಿ ಹೊಲಿಯುತ್ತೇನೆ, ಮೇಲೆ ನೋಡುವುದಿಲ್ಲ.

ನಿನ್ನ ಪತ್ರ ಬಂದರೆ ಊಟದ ಡೇರೆಯಲ್ಲಿ ಎಲ್ಲರೂ ಕೂತು ಓದಿಸಿಕೊಳ್ಳುತ್ತಾರೆ. ಯಾರ ಪತ್ರ ಬಂದರೂ ಇಲ್ಲಿ ಹಾಗೆಯೇ. ಅದಕ್ಕೇ ಹೇಳುತ್ತಿದ್ದೇನೆ, ಯಜಮಾನರ ಮೀಸೆಯ ಬಗ್ಗೆ ಹೋದ ಸಲ ಬರೆದ ಹಾಗೆ ಬರೆಯಬೇಡ.

ನಿನ್ನ ಸಣ್ಣಿ


ಫೆಬ್ರವರಿ 10

ಸಣ್ಣೀ,

ಮೂರು ಪೊಟ್ಟಣ ಕಳಿಸಿದ್ದೇನೆ, ಒಬ್ಬೊಬ್ಬರಿಗೆ ಒಂದು. ನಮ್ಮ ಹಿರಿಯ ಡಾಕ್ಟರು ಚೀಟಿ ನೋಡಿ ಗದರಿಕೊಂಡರು. "ಕಣ್ಣಲ್ಲಿ ನೋಡದ ರೋಗಿಗೆ ಔಷಧಿ ಬರೀಬೇಕಾ ನಾನು? ನಾಳೆ ಸರ್ಕಸ್ಸಿನ ಆನೆಗೂ ಬರ್ಕೊಡಿ ಅಂತೀರಿ." ಆನೆ ಇಲ್ಲ ಸರ್, ಎರಡು ಕುದುರೆ ಅಷ್ಟೇ ಎಂದೆ. ಕನ್ನಡಕ ಒರೆಸಿಕೊಂಡು ಬರೆದುಕೊಟ್ಟರು.

ಈಗ ಹೇಳುವುದನ್ನು ಎಲ್ಲರಿಗೂ ಕೇಳುವ ಹಾಗೆ ಓದು. ಒಂದು ಪೊಟ್ಟಣ ಎರಡು ವಾರಕ್ಕೆ. ಜ್ವರ ನಾಲ್ಕೈದು ದಿನದಲ್ಲೇ ಇಳಿಯಬಹುದು, ಹಸಿವೂ ಮರಳಬಹುದು. ಆದರೂ ನಿಲ್ಲಿಸಬಾರದು. ಈ ಮಾತ್ರೆ ಮೊದಲು ಕೊಲ್ಲುವುದು ಬ್ಯಾಕ್ಟೀರಿಯಾಗಳಲ್ಲಿ ಸಾಧುವಾದವನ್ನು. ಹಟಮಾರಿಗಳು ಸಾಯುವುದು ಕೊನೆಗೆ. ನಡುವೆ ಕೈಬಿಟ್ಟರೆ ಕರುಳಿನಲ್ಲಿ ಉಳಿದುಕೊಳ್ಳುವುದು ಆ ಹಟಮಾರಿಗಳೇ, ಅಲ್ಲಿಂದ ಮುಂದಿನ ಸಂತತಿಯೆಲ್ಲ ಅವುಗಳದ್ದೇ. ಅವಕ್ಕೆ ಆಮೇಲೆ ಈ ಮಾತ್ರೆ ಅಂದರೆ ಲೆಕ್ಕಕ್ಕಿಲ್ಲ.

ನೀರು ಕುದಿಸಿ ಕುಡಿಯಿರಿ. ಅಜ್ಜ ಪೂರ್ತಿ ಗುಣವಾಗುವವರೆಗೆ ಒಲೆಯ ಹತ್ತಿರ ಸುಳಿಯಬಾರದು, ಹಿಟ್ಟು ಕಲಸಬಾರದು. ಈ ರೋಗ ಕೈಯಿಂದ ಬಾಯಿಗೆ ಹೋಗುತ್ತದೆ. ಅಜ್ಜನಿಗೆ ಬೇಜಾರಾದರೆ ನನ್ನನ್ನೇ ಬೈಯಲಿ.

ನಾನು ಕ್ಷೇಮ. ಲ್ಯಾಬಿನ ಕಿಟಕಿಯ ಹೊರಗೆ ಒಂದು ಮರ ಚಿಗುರಿದೆ. ಬೆಳಗ್ಗೆ ಕೆಲಸ ಶುರು ಮಾಡುವ ಮುಂಚೆ ಅದನ್ನು ನೋಡುತ್ತಾ ಒಂದು ಪುಟ ಪದ್ಯ ಓದುತ್ತೇನೆ. ಆಮೇಲೆ ದಿನವಿಡೀ ಮಲದ ಡಬ್ಬಿಗಳು. ಎರಡೂ ಮನುಷ್ಯರ ಒಳಗಿನಿಂದಲೇ ಬಂದದ್ದಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಚಿಟ್ಟೆಗೆ ಮುತ್ತು.

ಅಕ್ಕ


ಫೆಬ್ರವರಿ 25

ಅಕ್ಕಾ,

ನೀನು ದೇವತೆ ಎಂದು ಇಲ್ಲಿ ಎಲ್ಲರೂ ಒಪ್ಪಿಕೊಂಡಿದ್ದಾರೆ. ಜ್ವರ ಬಿಟ್ಟಿತು. ಅಜ್ಜ ಎದ್ದು ಕೂತ, ಮಾಸ್ತರು ಕುದುರೆಯ ಮೈ ಉಜ್ಜಲು ಹೋದರು. ನಿನ್ನ ಪತ್ರ ಓದುವಾಗ ಹಟಮಾರಿಗಳ ಮಾತು ಬಂದ ಕೂಡಲೇ ಜೋಕರ್ ಕಂಬಳಿಯೊಳಗಿಂದಲೇ, "ಹಟಮಾರಿ ಅಂದ್ರೆ ನಮ್ಮ ಯಜಮಾನ್ರ ಜಾತೀನೇ ಇರ್ಬೇಕು" ಅಂದ. ಯಜಮಾನರೂ ನಕ್ಕರು. ಅವರು ನಗುವುದು ಅಪರೂಪ.

ಈಗ ಅವನದು ಇನ್ನೊಂದು ಮಾತು ಶುರುವಾಗಿದೆ. "ನಿಮ್ಮಕ್ಕ ಮೂರು ಜನಕ್ಕೆ ಅಂತ ಕಳ್ಸಿದ್ದು ಇಡೀ ಕಂಪನಿಗೇ ಆಯ್ತಲ್ಲಮ್ಮ. ಕೈಗುಣ ಅಂದ್ರೆ ಇದಪ್ಪ." ಸಿಕ್ಕಿದವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗುತ್ತಾನೆ.

ಅಜ್ಜನನ್ನು ಒಲೆಯಿಂದ ದೂರವಿಡುವುದು ನನ್ನ ಕೈಲಾಗಲಿಲ್ಲ. ಒಂದು ವಾರ ಸುಮ್ಮನಿದ್ದ. ಆಮೇಲೆ ಯಾರೋ ಮಾಡಿದ ಅನ್ನ ಸೀದುಹೋಯಿತು, ಸಟ್ಟುಗ ಕಸಿದುಕೊಂಡು ಒಳಗೆ ಬಂದೇಬಿಟ್ಟ. ಕುಡಿಯುವ ನೀರು ಕಾಯಿಸುತ್ತಿದ್ದೇವೆ.

ಸೈಕಲ್ ಆಟದ ಹುಡುಗಿಗೂ ಸ್ವಲ್ಪ ಮೈ ಬಿಸಿಯಾಗಿತ್ತು, ಅದೂ ಇಳಿಯಿತು.

ನೀನು ಒಮ್ಮೆ ಬಂದು ಇವರ ನಡುವೆ ಇದ್ದು ಹೋಗಬೇಕು. ಚಿಟ್ಟೆಯ ಅಪ್ಪ ಮೇಲಿನಿಂದ ಬಿದ್ದು ಹೋದಾಗ ನಮ್ಮ ತಾಯಿಮಗಳ ಹತ್ತಿರ ಒಂದು ಪೆಟ್ಟಿಗೆ ಬಿಟ್ಟರೆ ಏನೂ ಇರಲಿಲ್ಲ. ಯಾರೂ ನಮ್ಮನ್ನು ಕೂರಿಸಿ ಸಮಾಧಾನ ಹೇಳಲಿಲ್ಲ. ತಟ್ಟೆ ಹಾಕುವಾಗ ಎಂದಿನಂತೆ ಮೂರು ತಟ್ಟೆ ಹಾಕಿದರು, ಮೂರನೆಯದನ್ನು ನಮಗಿಬ್ಬರಿಗೆ ಹಂಚಿದರು. ಇಲ್ಲಿ ಯಾವುದೂ ಒಬ್ಬರದಲ್ಲ. ಮೇಲೆ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿರುತ್ತದೆ, ಆದ್ದರಿಂದ ಕೆಳಗೆ ಮೂಲೆಯಲ್ಲಿ ಕೂತು ಒಬ್ಬನೇ ತಿಂದವನ ಕೈಯನ್ನು ಮೇಲೆ ಯಾರೂ ನಂಬುವುದಿಲ್ಲ.

ಸಣ್ಣಿ


ಮಾರ್ಚ್ 5

ಸಣ್ಣೀ,

ಜೋಕರನ ಮಾತನ್ನು ಹಿರಿಯ ಡಾಕ್ಟರಿಗೆ ಹೇಳಿದೆ. "ಉತ್ಪ್ರೇಕ್ಷೆ ಅವನ ಕಸುಬು, ಆದ್ರೂ ಖುಷಿಯಾಯ್ತು" ಎಂದರು. ನನಗೂ ಆಯಿತು. ಎಲ್ಲೋ ದೂರದ ಬಯಲಿನಲ್ಲಿ ನಾನು ಕಂಡೇ ಇರದ ಒಬ್ಬ ಮುದುಕ ಎದ್ದು ಅನ್ನ ಬಸಿಯುತ್ತಿದ್ದಾನೆ ಎಂದು ನೆನೆದು ಆ ದಿನವೆಲ್ಲ ಹಗುರವಾಗಿದ್ದೆ.

ಇಲ್ಲಿಯ ಒಂದು ಸಂಗತಿ ಹೇಳುತ್ತೇನೆ. ರೋಗಿಯ ರಕ್ತದಿಂದಲೋ ಮಲದಿಂದಲೋ ತೆಗೆದ ಬ್ಯಾಕ್ಟೀರಿಯಾವನ್ನು ನಾವು ಒಂದು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತೇವೆ. ಅದರ ಮೇಲೆ ಔಷಧಿಯಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಬಿಸಿಪೆಟ್ಟಿಗೆಗೆ ಸೇರಿಸುತ್ತೇವೆ. ಮಾರನೆಯ ದಿನ ತೆಗೆದು ನೋಡಿದರೆ ತಟ್ಟೆ ತುಂಬ ಮಂಜು ಕವಿದ ಹಾಗೆ ಬೆಳೆದಿರುತ್ತದೆ. ಔಷಧಿ ಕೆಲಸ ಮಾಡುವುದಾದರೆ ಆ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಒಂದು ವೃತ್ತ. ಒಳಗೆ ಬರಲು ಯಾವುದಕ್ಕೂ ಧೈರ್ಯವಿಲ್ಲ. ಚಂದ್ರನ ಸುತ್ತ ಕಟ್ಟುವ ಬಳೆಯ ಹಾಗೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ನಾನು ಈ ಕೆಲಸಕ್ಕೆ ಸೇರಿದಾಗ ಆ ವೃತ್ತಗಳು ಹೆಬ್ಬೆರಳಿಗಿಂತ ಅಗಲವಿದ್ದವು. ಈಚೆಗೆ ಬರುವ ತಟ್ಟೆಗಳಲ್ಲಿ ಕಿರಿದಾಗುತ್ತಿವೆ. ಕೆಲವು ದಿನ ತಟ್ಟೆಯನ್ನು ಬೆಳಕಿಗೆ ಹಿಡಿದು, ವೃತ್ತ ಇದೆಯೋ ಅಥವಾ ಇರಬೇಕೆಂದು ನಾನೇ ಕಲ್ಪಿಸಿಕೊಳ್ಳುತ್ತಿದ್ದೇನೋ ಎಂದು ಮತ್ತೆ ಮತ್ತೆ ನೋಡುತ್ತೇನೆ. ಏನೋ ನಿಧಾನವಾಗಿ ಹತ್ತಿರ ಬರುತ್ತಿದೆ ಅನ್ನಿಸುತ್ತದೆ. ಇರಲಿ. ಊಟದ ಹೊತ್ತಿಗೆ ಓದುವ ಪತ್ರದಲ್ಲಿ ಇದೆಲ್ಲ ಯಾಕೆ.

ಶಾಲೆಯ ಪರೀಕ್ಷೆಗೆ ಕಟ್ಟುವ ವಯಸ್ಸು ಮೀರಿಲ್ಲ ಎಂದು ಚಿಟ್ಟೆಗೆ ಹೇಳು. ನನ್ನ ಕೋಣೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿದೆ. ಪ್ರತಿ ಸಲ ಇದನ್ನೇ ಬರೆಯುತ್ತೇನೆಂದು ನಿನಗೆ ಕೋಪ ಬರುತ್ತದೆ, ಗೊತ್ತು.

ಅಕ್ಕ


ಮಾರ್ಚ್ 18

ಅಕ್ಕಾ,

ಜಾಗ ಬದಲಾಯಿತು. ಇದು ರೈಲು ಹಳಿಯ ಪಕ್ಕದ ಮೈದಾನ. ಗಾಡಿ ಹೋದಾಗಲೆಲ್ಲ ಕಂಬಗಳು ನಡುಗುತ್ತವೆ, ಮೇಲಿದ್ದವರು ನಿಂತು ಕಾಯುತ್ತಾರೆ.

ಜ್ವರ ಮತ್ತೆ ಬಂದಿದೆ. ಅಜ್ಜನಿಗೆ ಬಂತು, ಮಾಸ್ತರಿಗೆ ಬಂತು, ಈ ಸಲ ಇನ್ನೂ ಕೆಲವರಿಗೆ. ಅದೇ ಮಾತ್ರೆ ಇನ್ನೊಮ್ಮೆ ಕಳಿಸುತ್ತೀಯಾ? ಸ್ವಲ್ಪ ಹೆಚ್ಚೇ ಕಳಿಸು.

ಮಾಸ್ತರನ್ನು ದಾರಿಯಲ್ಲಿ ಬಿಟ್ಟು ಬಂದೆವು. ಲಾರಿಯಲ್ಲಿ ಅವರಿಗೆ ಅರಿವೇ ಇರಲಿಲ್ಲ, ಹೊದಿಕೆಯನ್ನು ಕಿತ್ತು ಕಿತ್ತು ಹಾಕುತ್ತಿದ್ದರು. ನಡುವೆ ಸಿಕ್ಕ ಊರಿನ ಆಸ್ಪತ್ರೆಯ ಮುಂದೆ ಯಜಮಾನರು ಲಾರಿ ನಿಲ್ಲಿಸಿ, ಇಬ್ಬರು ಕೈ ಕೊಟ್ಟು ಇಳಿಸಿದರು. ಅವರ ಟ್ರಂಕನ್ನೂ ಇಳಿಸಿದರು. ಮಾಸ್ತರು ಇಲ್ಲದೆ ಬಿಳಿಯ ಕುದುರೆ ಹುಲ್ಲು ಮುಟ್ಟುತ್ತಿಲ್ಲ. ಅವರ ಸುದ್ದಿ ಇಲ್ಲ.

ಚಿಟ್ಟೆ ಎರಡು ಸಲ ಉರುಳಿದಳು. ಮೈದುನ ಹಿಡಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ, ನಾನು ನೋಡಲಿಲ್ಲ. ಊರಿನ ಗೋಡೆಗಳ ಮೇಲೆಲ್ಲ ಈಗ ಅವಳದೇ ಚಿತ್ರ. ಅವಳಿಂದಲೇ ಗುಡಾರ ತುಂಬುತ್ತಿದೆ ಎನ್ನುತ್ತಾರೆ ಯಜಮಾನರು.

ಸಣ್ಣಿ


ಮಾರ್ಚ್ 24

ಸಣ್ಣೀ,

ಮಾತ್ರೆ ಕಳಿಸಿದ್ದೇನೆ. ಆದರೆ ಈ ಸಲ ಅದರ ಜೊತೆ ಎರಡು ಚಿಕ್ಕ ಶೀಷೆಗಳೂ ಇವೆ. ಒಳಗಿರುವುದು ಬ್ಯಾಕ್ಟೀರಿಯಾ ಬೆಳೆಯಲು ಮಾಂಸದ ಸಾರಿನಂಥ ದ್ರವ, ಮುಚ್ಚಳ ತೆಗೆಯಬೇಡ, ಸೂಜಿ ಅದರ ಮೂಲಕವೇ ಹೋಗುತ್ತದೆ. ಅಲ್ಲಿಯ ಆಸ್ಪತ್ರೆಯ ನರ್ಸ್ ಕೈಲಿ ಅಜ್ಜನ ರಕ್ತ ತೆಗೆಸಿ ಒಂದಕ್ಕೆ ಸೇರಿಸು. ಹೊಸದಾಗಿ ಜ್ವರ ಬಂದ ಇನ್ನೊಬ್ಬರದನ್ನು ಮತ್ತೊಂದಕ್ಕೆ. ಬಿಸಿಲಿಗಿಡದೆ ಬೇಗ ರವಾನಿಸು. ಯಾವ ಔಷಧಿಗೆ ಅದು ಬಗ್ಗುತ್ತದೆ ಎಂದು ನಾನೇ ನೋಡುತ್ತೇನೆ.

ಹೋದ ಸಲದ ಮಾತ್ರೆಗಳನ್ನು ಅವರು ಪೂರ್ತಿ ತೆಗೆದುಕೊಂಡರೇ? ಇದೊಂದಕ್ಕೆ ನೇರ ಉತ್ತರ ಕೊಡು.

ಮಾಸ್ತರ ಸುದ್ದಿ ಸಿಕ್ಕಿದರೆ ಬರಿ. ಹೊದಿಕೆ ಕೀಳುತ್ತಿದ್ದರು ಎಂದು ನೀನು ಬರೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ.

ಅಕ್ಕ


ಏಪ್ರಿಲ್ 4

ಅಕ್ಕಾ,

ಶೀಷೆಗಳು ಈ ಪತ್ರಕ್ಕಿಂತ ಮುಂಚೆ ತಲುಪಿರುತ್ತವೆ. ಒಂದರ ಮೇಲೆ ಅಜ್ಜ ಎಂದಿದೆ, ಇನ್ನೊಂದರ ಮೇಲೆ ಹೊಸ ಹುಡುಗಿ ಎಂದಿದೆ. ಹಗ್ಗದ ಕೆಲಸಕ್ಕೆ ಈಚೆಗೆ ಸೇರಿದವಳು, ನಿನಗೆ ಗೊತ್ತಿಲ್ಲ.

ಮಾತ್ರೆ ಒಂದೂ ಪೋಲಾಗಿಲ್ಲ. ಕೊನೆಯ ಮಾತ್ರೆಯವರೆಗೆ ನನ್ನ ಕಣ್ಣೆದುರಿಗೇ ನುಂಗಿದರು.

ಚಿಟ್ಟೆಗೆ ಸ್ವಲ್ಪ ಸುಸ್ತು. ದಿನಕ್ಕೆ ಎರಡು ಆಟ, ಸುಸ್ತಾಗದೆ ಇನ್ನೇನು. ಪರೀಕ್ಷೆಯ ಮಾತು ಅವಳ ಮುಂದೆ ಎತ್ತಬೇಡ. ನೀನು ಬಂದು ಅವಳನ್ನು ಕರೆದುಕೊಂಡು ಹೋಗುತ್ತೀಯೆಂದು ನಾನು ಎಷ್ಟೋ ಸಲ ಕನಸು ಕಂಡು ಎದ್ದು ಕೂತಿದ್ದೇನೆ.

ಮಾಸ್ತರ ಟ್ರಂಕು ವಾಪಸ್ ಬಂತು. ಟ್ರಂಕು ಮಾತ್ರ.

ಸಣ್ಣಿ


ಏಪ್ರಿಲ್ 12

ಸಣ್ಣೀ,

ಎಲ್ಲರೂ ಕ್ಷೇಮವೆಂದು ಭಾವಿಸುತ್ತೇನೆ. ಶೀಷೆಗಳು ಬಂದವು, ಪರೀಕ್ಷೆ ಮಾಡಿದೆವು. ಗಾಬರಿಪಡುವಂಥದ್ದೇನಿಲ್ಲ. ಹಳೆಯ ಮಾತ್ರೆ ಈ ರೋಗಕ್ಕೆ ಅಷ್ಟಾಗಿ ಒಗ್ಗುತ್ತಿಲ್ಲವಾದ್ದರಿಂದ ಬದಲಿಸುವುದು ಒಳ್ಳೆಯದು ಎಂದು ಡಾಕ್ಟರ ಅಭಿಪ್ರಾಯ. ಇನ್ನು ಆ ಮಾತ್ರೆ ಯಾರಿಗೂ ಬೇಡ.

ಇದರೊಂದಿಗೆ ಇಂಜೆಕ್ಷನ್ ಶೀಷೆಗಳಿವೆ. ದಿನಕ್ಕೊಂದರಂತೆ ನರ್ಸ್ ಕೊಡಲಿ. ಇದು ಆ ಹೊಸ ಹುಡುಗಿಯೊಬ್ಬಳಿಗೆ. ಸದ್ಯ ನಮ್ಮಲ್ಲಿ ಇದ್ದದ್ದು ಇಷ್ಟೇ. ಅಜ್ಜನಿಗೂ ಉಳಿದವರಿಗೂ ಒಂದು ವಾರದೊಳಗೆ ಬೇರೆ ತರಿಸಿ ಕಳಿಸುತ್ತೇನೆ.

ಆ ಹುಡುಗಿಯನ್ನು ಒಂದು ದೊಡ್ಡ ಆಸ್ಪತ್ರೆಗೆ ತೋರಿಸಿದರೆ ಮೇಲು. ಅವಳಿಗೆ ತಾಯಿ ಇದ್ದರೆ ಆ ತಾಯಿಗೆ ತಿಳಿಸು. ಆದಷ್ಟು ಬೇಗ.

ಇಲ್ಲಿ ಎಲ್ಲ ಎಂದಿನಂತೆ. ಎಲ್ಲರಿಗೂ ನನ್ನ ನಮಸ್ಕಾರ.

ಅಕ್ಕ


ಏಪ್ರಿಲ್ 21

ಅಕ್ಕಾ,

ಇದನ್ನು ಆಟದ ಬಟ್ಟೆಯ ಗಾಡಿಯೊಳಗೆ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ನಾನೇ ಹೋಗಿ ಡಬ್ಬಿಗೆ ಹಾಕುತ್ತೇನೆ.

ಹೊಸ ಹುಡುಗಿ ಎಂದು ಯಾರೂ ಇಲ್ಲ. ಆ ಶೀಷೆಯಲ್ಲಿದ್ದದ್ದು ಚಿಟ್ಟೆಯ ರಕ್ತ. ನಿನಗೆ ಗೊತ್ತಾದರೆ ಮರುದಿನವೇ ಬಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದೆ. ಯಜಮಾನರಿಗೆ ಗೊತ್ತಾದರೆ ಮಾಸ್ತರ ಹಾಗೆ ಇಳಿಸಿಬಿಡುತ್ತಿದ್ದರು. ಇಬ್ಬರಿಗೂ ಹೆದರಿ ಬಚ್ಚಿಟ್ಟೆ. ಮುಖಕ್ಕೆ ಬಣ್ಣ ಹಚ್ಚಿದರೆ ಜ್ವರ ಕಾಣುವುದಿಲ್ಲ, ಅಕ್ಕಾ. ಗಲ್ಲ ಕೆಂಪಗಿದ್ದಷ್ಟೂ ಜನಕ್ಕೆ ಚೆಂದ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಜೋಕರ್ ಹೇಳಿದ್ದು ತಮಾಷೆಯಲ್ಲ. ನೀನು ಕಳಿಸಿದ ಮೊದಲ ಮೂರು ಪೊಟ್ಟಣವನ್ನು ಅಜ್ಜನೇ ಒಂದು ಬಟ್ಟಲಿಗೆ ಸುರಿದ. ಹೊಟ್ಟೆ ಸರಿಯಿಲ್ಲ ಅಂದವರು, ಮೈ ಬಿಸಿ ಅಂದವರು, ನಾಳೆ ಬಂದರೆ ಎಂದು ಹೆದರಿದವರು, ಎಲ್ಲರಿಗೂ ಊಟದ ನಂತರ ಹಂಚಿದ. ಮುಗಿಯುವವರೆಗೆ ಹಂಚಿದ. ಎರಡನೆಯ ಸಲವೂ ಹಾಗೆಯೇ. ಒಂದೂ ಪೋಲಾಗಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳಲ್ಲ. ಬೇಡ ಎಂದು ಹೇಗೆ ಹೇಳಲಿ? ನಾನೂ ನನ್ನ ಮಗಳೂ ಇಷ್ಟು ವರ್ಷ ಬೆಳೆದದ್ದು ಅದೇ ಬಟ್ಟಲಿನಿಂದ.

ಇಂಜೆಕ್ಷನ್ ಬಂದ ದಿನ ನಿನ್ನ ಪತ್ರವನ್ನು ಎಂದಿನಂತೆ ಓದಿದೆ. ಗಾಬರಿಯಿಲ್ಲ ಎಂದಾಗ ಎಲ್ಲರ ಮುಖ ಅರಳಿತು, ನನ್ನದೂ. ಒಬ್ಬಳಿಗೆ ಎಂದು ಬಂದಾಗ ಎಲ್ಲರೂ ತಟ್ಟೆಯಿಂದ ಕೈ ತೆಗೆದರು. ಯಾರು ಆ ಹೊಸ ಹುಡುಗಿ ಎಂದು ಯಾರೂ ಕೇಳಲಿಲ್ಲ. ಅವರಿಗೆಲ್ಲ ಗೊತ್ತಿತ್ತು. ಯಜಮಾನರಿಗೂ. ಅವರು ಇಷ್ಟೇ ಅಂದರು: "ಭಾನುವಾರ ಎರಡು ಆಟ ಮುಗೀಲಿ. ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ. ಗಾಬರಿ ಇಲ್ಲ ಅಂತ ನಿಮ್ಮಕ್ಕನೇ ಬರ್ದಿದಾರಲ್ಲ."

ಮೈದುನನಿಗೂ ಜ್ವರ. ಕೈ ನಡುಗುತ್ತದೆ. ಸೈಕಲ್ ಹುಡುಗಿ ಎದ್ದೇ ಇಲ್ಲ. ಶೀಷೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಚಿಟ್ಟೆಯ ಹತ್ತಿರ ಹೋದೆ. ಅವಳು ಬೆನ್ನು ತಿರುಗಿಸಿ ಮಲಗಿದ್ದಳು.

"ಚಿಕ್ಕಪ್ಪನಿಗೆ ಮೊದ್ಲು ಕೊಡ್ಸಮ್ಮ" ಅಂದಳು. "ಅವ್ರ ಕೈ ನಡುಗಿದ್ರೆ ನಾನು ಗಟ್ಟಿಯಾಗಿದ್ದು ಏನ್ ಪ್ರಯೋಜನ?"

ಸೆರಗಿನ ಗಂಟು ಬಿಚ್ಚಿದೆ. ಆಮೇಲೆ ಅವಳಿಗೆ, ಮೈದುನನಿಗೆ, ಸೈಕಲ್ ಹುಡುಗಿಗೆ, ಅಜ್ಜನಿಗೆ, ನಾಲ್ವರಿಗೂ ಹಂಚಿದೆವು. ನರ್ಸಮ್ಮ ಬೈದುಕೊಂಡೇ ಚುಚ್ಚಿದಳು. ಭಾನುವಾರ ಎರಡೂ ಆಟ ಆಡಿದಳು ಚಿಟ್ಟೆ. ಒಮ್ಮೆಯೂ ಜಾರಲಿಲ್ಲ. ಕೆಳಗೆ ಬಂದ ಮೇಲೆ ನನ್ನ ಗುರುತು ಸಿಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಯಜಮಾನರು ಇನ್ನೂ ಕರೆದುಕೊಂಡು ಹೋಗಿಲ್ಲ. ನಾಳೆ ಎನ್ನುತ್ತಾರೆ. ನಿಜ ಹೇಳು, ಗಾಬರಿ ಇಲ್ಲ ತಾನೇ?

ಸಣ್ಣಿ


ಏಪ್ರಿಲ್ 27

ಸಣ್ಣೀ,

ಈ ಪತ್ರವನ್ನು ಯಾರ ಮುಂದೆಯೂ ಓದಬೇಡ. ಓದಿ ಮುಗಿಸಿದ ಕೂಡಲೇ ಎದ್ದು ಹೊರಡು.

ನಿನ್ನ ಪತ್ರ ಇವತ್ತು ಬೆಳಗ್ಗೆ ಬಂತು. ಚಿಟ್ಟೆಯ ರಕ್ತದ ಆ ತಟ್ಟೆಯನ್ನು ನಾನೇ ಬೆಳಕಿಗೆ ಹಿಡಿದು ನೋಡಿದ್ದೆ. ಮಾತ್ರೆಯ ಬಿಲ್ಲೆಯ ಸುತ್ತ ವೃತ್ತವೇ ಇರಲಿಲ್ಲ. ಬಿಲ್ಲೆಯ ಅಂಚಿನವರೆಗೆ ಬೆಳೆದು ಬಂದಿತ್ತು, ಬಿಲ್ಲೆಯ ಮೇಲೂ ಹತ್ತಿತ್ತು. ಇಡೀ ತಟ್ಟೆಯಲ್ಲಿ ತಿಳಿಯಾದ ಜಾಗ ಉಳಿದದ್ದು ಒಂದೇ ಒಂದು ಔಷಧಿಯ ಸುತ್ತ, ಅದನ್ನೇ ಕಳಿಸಿದೆ. ಯಾರದೋ ಮಗಳು, ಪಾಪ, ಎಂದುಕೊಂಡೆ. ಹಿರಿಯ ಡಾಕ್ಟರು ತಟ್ಟೆ ನೋಡಿ ಕುರ್ಚಿ ಎಳೆದುಕೊಂಡು ಕೂತರು. "ಇವಳು ಆಸ್ಪತ್ರೇಲಿ ಇಲ್ದಿದ್ರೆ ಉಳಿಯೋದು ಕಷ್ಟ" ಎಂದರು. ಅದನ್ನು ನಾನು ನಿನಗೆ ಬರೆಯಲಿಲ್ಲ. ಎಲ್ಲರ ಮುಂದೆ ಓದುತ್ತೀಯಲ್ಲ, ಯಜಮಾನರು ಕೇಳಿಸಿಕೊಂಡು ಆ ಹುಡುಗಿಯನ್ನು ದಾರಿಯಲ್ಲಿ ಇಳಿಸಿಬಿಟ್ಟರೆ ಎಂದು ಗಾಬರಿಯಿಲ್ಲ ಎಂದು ಬರೆದೆ. ಸಣ್ಣೀ, ಗಾಬರಿಪಡು. ಈಗಲೇ ಗಾಬರಿಪಡು.

ಅವಳಿಗೆ ಬೇಕಾದ ಔಷಧಿ ನಾಲ್ವರಲ್ಲಿ ಹಂಚಿಹೋಗಿದೆ. ಹಾಗಾಗಿ ಯಾರಿಗೂ ಸಿಕ್ಕಿಲ್ಲ. ಅನ್ನ ಹಂಚಿಕೊಂಡರೆ ನಾಲ್ವರ ಹಸಿವೂ ಅಷ್ಟಷ್ಟು ತಗ್ಗುತ್ತದೆ. ಇದು ಹಾಗಲ್ಲ. ಅರ್ಧ ಕೊಟ್ಟರೆ ಅದು ರೋಗಕ್ಕೆ ಕೊಟ್ಟ ತಾಲೀಮು.

ಇನ್ನು ಇದನ್ನು ನಿಧಾನವಾಗಿ ಓದು. ಇಷ್ಟು ದಿನ ರೋಗ ತಿಂದ ಕರುಳು ಒಳಗೆ ಹುಣ್ಣಾಗಿ ತೆಳ್ಳಗಾಗಿರುತ್ತದೆ. ಅದು ತೂತಾಗಬಹುದು, ರಕ್ತ ಒಸರಬಹುದು. ಅವಳಿಗೆ ಹೊಟ್ಟೆ ಕಿವುಚಿ ನೋವು ಬಂದರೆ, ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡರೆ, ಒಂದು ಗಳಿಗೆಯೂ ಕಾಯಬೇಡ. ಎಲ್ಲಕ್ಕಿಂತ ಮೋಸದ್ದು ಇನ್ನೊಂದಿದೆ. ಇಷ್ಟು ದಿನ ಇಳಿಯದ ಜ್ವರ ಒಮ್ಮೆಲೇ ಇಳಿದು, ಮೈ ಬೆವರಿ ತಣ್ಣಗಾಗಿ, ಅವಳು ಸುಮ್ಮನೆ ಮಲಗಿದರೆ, ಗುಣವಾಯಿತು ಎಂದುಕೊಳ್ಳಬೇಡ. ಅದು ಒಳಗೆ ಒಡೆದಿರುವ ಗುರುತು. ಆಗ ಬೇಕಾದದ್ದು ಶಸ್ತ್ರಚಿಕಿತ್ಸೆ, ಅದೂ ಕೂಡಲೇ.

ಕಂಪನಿಯ ಟಿಕೆಟ್ ಡೇರೆಗೆ ಫೋನ್ ಮಾಡಿದೆ. ನಿನ್ನನ್ನು ಕರೆಯಿರಿ ಎಂದರೆ ಗುಮಾಸ್ತ, "ಎಲ್ಲ ಆರೋಗ್ಯವಾಗಿದಾರೆ ಮೇಡಂ, ಇವತ್ತು ಆಟ ಇದೆ" ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

ಒಂದು ವಾರ ಎಂದಿದ್ದೆ, ತಡವಾಗಿಯಾದರೂ ಔಷಧಿ ಸಿಕ್ಕಿದೆ, ಅವಳಿಗೆ ಪೂರ್ತಿ ಸಾಲುವಷ್ಟು. ಉಳಿದವರಿಗೂ. ಕಟ್ಟಿಟ್ಟುಕೊಂಡಿದ್ದೇನೆ. ಈ ಪತ್ರವನ್ನು ಸ್ಟೇಷನ್ನಿನ ಡಬ್ಬಿಗೆ ಹಾಕಿ ಸಂಜೆಯ ರೈಲು ಹತ್ತುತ್ತೇನೆ. ಯಾರು ಮೊದಲು ತಲುಪುತ್ತೇವೋ, ಪತ್ರವೋ ನಾನೋ, ಗೊತ್ತಿಲ್ಲ. ರೈಲು ಹಳಿಯ ಪಕ್ಕದ ಮೈದಾನ ಎಂದಿದ್ದೆಯಲ್ಲ, ಇಳಿದು ನೇರ ಅಲ್ಲಿಗೇ ಬರುತ್ತೇನೆ.

ಅವಳನ್ನು ಕರೆದುಕೊಂಡು ಹೋಗಲು ಬರುತ್ತಿಲ್ಲ. ಅವಳು ನಿನ್ನ ಮಗಳು. ಬದುಕಿದ್ದರೆ ಸಾಕು.

ಅಕ್ಕ


ಏಪ್ರಿಲ್ 27

ಅಕ್ಕಾ,

ಹೋದ ಪತ್ರ ಓದಿ ನೀನು ಎಷ್ಟು ಕಂಗಾಲಾಗಿರುತ್ತೀಯೋ ಎಂದು ಕೂಡಲೇ ಇದನ್ನು ಬರೆಯುತ್ತಿದ್ದೇನೆ. ಚಿಟ್ಟೆ ಗುಣವಾದಳು.

ಒಂದು ಕೆಲಸ ಮಾಡಿದೆ, ನೀನು ಮೆಚ್ಚುತ್ತೀಯ. ಇಂಜೆಕ್ಷನ್ನಿನ ಒಂದೇ ಒಂದು ಶೀಷೆ ಉಳಿದಿತ್ತು. ಅದು ಸೈಕಲ್ ಹುಡುಗಿಯ ಪಾಲಿನದು. ಅದನ್ನು ಜರಿಯ ಡಬ್ಬಿಯಲ್ಲಿ ಅಡಗಿಸಿಟ್ಟು, ಮುಗಿಯಿತು ಎಂದು ಎಲ್ಲರ ಮುಂದೆ ಹೇಳಿದೆ. ನಿನ್ನೆ ನರ್ಸಮ್ಮನನ್ನು ಹಿಂದಿನಿಂದ ಕರೆಸಿ ಚಿಟ್ಟೆಯೊಬ್ಬಳಿಗೇ ಕೊಡಿಸಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಹಂಚದೆ ಇಟ್ಟುಕೊಂಡೆ. ಅಜ್ಜನಿಗೆ ಹೇಗೋ ತಿಳಿಯಿತು. ಒಲೆಯ ಹತ್ತಿರ ಹೋದರೆ ಮುಖ ತಿರುಗಿಸುತ್ತಾನೆ. ಬೆಳಗ್ಗೆ ನನ್ನ ತಟ್ಟೆ ಹಾಕಲಿಲ್ಲ. ಹಾಕದಿದ್ದರೆ ಇರಲಿ.

ಮೈದುನ ಮಾತ್ರ ಬಂದು ಗಾಡಿಯ ಮೆಟ್ಟಿಲ ಮೇಲೆ ಕೂತ. ಕಂಬಳಿ ಹೊದ್ದುಕೊಂಡು ನಡುಗುತ್ತಿದ್ದ. "ನೀವು ಮಾಡಿದ್ದು ಸರಿ ಅತ್ತಿಗೆ" ಅಂದ. "ಅವಳಿಗೆ ಹೇಳಿ, ನನ್ನ ಕೈ ಇನ್ನೂ ಗಟ್ಟಿಯಿದೆ."

ನಿನ್ನೆ ಸಂಜೆ ಅವಳಿಗೆ ವಿಪರೀತ ಹೊಟ್ಟೆನೋವು ಬಂತು. ಮಂಡಿ ಮಡಚಿಕೊಂಡು ಒದ್ದಾಡಿದಳು, ಮುಟ್ಟಲೂ ಬಿಡಲಿಲ್ಲ. ಔಷಧಿ ರೋಗದ ಜೊತೆ ಗುದ್ದಾಡುತ್ತಿರಬೇಕು ಎಂದುಕೊಂಡೆ. ಯಜಮಾನರ ಕಾಲು ಹಿಡಿದೆ, ಬೆಳಗ್ಗೆ ನೋಡೋಣ ಎಂದರು. ಬೆಳಗ್ಗೆಯ ಹೊತ್ತಿಗೆ ನೋವು ತಾನಾಗಿಯೇ ಕಡಿಮೆಯಾಯಿತು. ಈಗ ಮಧ್ಯಾಹ್ನ ಜ್ವರ ಪೂರ್ತಿ ಇಳಿದುಬಿಟ್ಟಿದೆ. ಇಷ್ಟು ದಿನ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಒಂದೇ ಸಲಕ್ಕೆ ಧುಮುಕಿದ ಹಾಗೆ. ಮೈಯೆಲ್ಲ ಬೆವರಿದೆ, ಎರಡು ಸಲ ಬಟ್ಟೆ ಬದಲಿಸಿದೆ. ಈಗ ಒಂದು ಮಾತೂ ಇಲ್ಲದೆ ತಣ್ಣಗೆ ಮಲಗಿದ್ದಾಳೆ. ಯಜಮಾನರು ಬಂದು ಹಣೆ ಮುಟ್ಟಿ ನೋಡಿದರು. "ನೋಡಿದ್ಯಾ, ಸುಮ್ನೆ ಹೆದರ್ತಿದ್ದೆ" ಎಂದು ನಕ್ಕರು.

ನೀನು ಬರುವುದು ಬೇಡ. ಇವತ್ತಿನ ಆಟವಾದ ಮೇಲೆ ಗುಡಾರ ಇಳಿಸುತ್ತಾರೆ, ನಾಳೆ ಬೆಳಗಾಗುವ ಮೊದಲೇ ಹೊರಡುತ್ತೇವೆ. ಹೊಸ ಊರು ಇಲ್ಲಿಂದ ಒಂದು ಹಗಲಿನ ದಾರಿ. ವಿಳಾಸವನ್ನು ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಇನ್ನು ಮುಂದೆ ಅಲ್ಲಿಗೇ ಬರಿ. ಲಾರಿಯಲ್ಲಿ ಅವಳಿಗೆ ಕುಲುಕಾಟವಾಗದಿರಲೆಂದು ಆಟದ ಬಟ್ಟೆಗಳನ್ನೆಲ್ಲ ಹಾಸಿ ಮೆತ್ತಗೆ ಮಾಡುತ್ತಿದ್ದೇನೆ.

ಕೈಕಾಲು ಮಾತ್ರ ಐಸಿನ ಹಾಗಿವೆ. ಒಂದು ಕೈಯನ್ನು ನನ್ನ ಕೈಯೊಳಗೆ ಇಟ್ಟುಕೊಂಡು ಕಾಯಿಸುತ್ತಾ ಇನ್ನೊಂದರಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ನಿನ್ನ ಸಣ್ಣಿ